ಎಲ್ಲಿಗೆ ಎಂದು ಕೇಳುವ ಗುಡ್ಡಗಳು

ಕಾಡಿನ ದಾರಿ

ನ್ಯೂಜಿಲೆಂಡಿನ ಗುಡ್ಡಗಾಡಿನಲ್ಲಿ ಎದುರಿಗೆ ಬಂದವರು ನಿಮ್ಮ ಹೆಸರು ಕೇಳುವುದಿಲ್ಲ, ನೌಕರಿ ಕೇಳುವುದಿಲ್ಲ, ಮಕ್ಕಳೆಷ್ಟು ಎಂದಂತೂ ಕೇಳುವುದೇ ಇಲ್ಲ. ಅವರು ಕೇಳುವುದು ಒಂದೇ ಮಾತು: ಎಲ್ಲಿಗೆ ಹೊರಟಿದ್ದೀರಿ? ಮೊದಲ ದಿನ ಕಾಡಿನ ದಾರಿಯಲ್ಲಿ ಎಂಟು ಮಂದಿ ಎದುರಾದರು. ಎಂಟೂ ಮಂದಿ ನಗುನಗುತ್ತ ಅದನ್ನೇ ಕೇಳಿದರು. ನನ್ನ ಅಕ್ಕನ ಮಗಳು ವಿದ್ಯಾ ಎಂಟು ಸಲವೂ ನಗುನಗುತ್ತ ಉತ್ತರ ಕೊಟ್ಟಳು. ಅವಳ ತಾಯಿ, ನನ್ನ ಅಕ್ಕ ನೀಲವ್ವ, ಎಂಟು ಸಲವೂ ಮುಖ ಬೇರೆ ಕಡೆ ಹೊರಳಿಸಿಕೊಂಡು ನಿಂತಳು.

"ಏನ್ ಮಂದೀನೋ ತಮ್ಮಾ ಇವರು," ಎಂದಳು ಕೊನೆಗೆ. "ಹೊಂಟವರಿಗೆಲ್ಲಾ ಎಲ್ಲಿಗಿ ಅಂತ ಕೇಳಿ ಕಳಸ್ತಾರ. ಒಬ್ಬರಾದ್ರೂ ತಿರುಗಿ ಬರ್ತಾರೇನು?"

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ಹೋದವರು ಸುಖವಾಗಿ ಬರುವುದಿಲ್ಲ ಎಂಬ ಅಂಜಿಕೆ. ತಿಳಿಯಲೇಬೇಕೆಂದು ಜೀವ ಚಡಪಡಿಸಿದರೆ "ದೂರ ಹೊಂಟ್ರೇನ್ರಿ?" ಎಂದು ಬಳಸಿ ಕೇಳುತ್ತೇವೆ. ನಾನು ನವಲಗುಂದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಇಂಥವನ್ನೆಲ್ಲ ಮೂಢನಂಬಿಕೆ ಎಂದು ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ದನಿ ಸ್ವಲ್ಪ ಜಾಸ್ತಿಯೇ ಏರಿಸುತ್ತೇನೆ. ಅದಕ್ಕೆ ಕಾರಣವಿದೆ, ಮತ್ತು ಈ ಪ್ರವಾಸದ ಕಥೆ ಆ ಕಾರಣದ್ದೇ ಆಗಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಪ್ಪ ಬೆಣ್ಣಿಹಳ್ಳದ ನೀರಿನಲ್ಲಿ ಹೋದ. ಆಗ ನನಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಅಪ್ಪ ಅಣ್ಣಿಗೇರಿಗೆ ಹೊರಟು ಅಂಗಳಕ್ಕಿಳಿದಿದ್ದ. ಬಾಗಿಲಲ್ಲಿ ನಾವಿಬ್ಬರೂ ಇದ್ದೆವು. ನಮ್ಮಲ್ಲೊಬ್ಬರು "ಎಲ್ಲಿಗಿ ಹೊಂಟಿ ಅಪ್ಪಾ?" ಎಂದು ಹಿಂದಿನಿಂದ ಕೂಗಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಗೆ ಕೂಗು ಕೇಳಿತು. ಅವಳು ಹೊರಗೆ ಬರುವಷ್ಟರಲ್ಲಿ ನಾನು ಕಂಬದ ಹಿಂದೆ ಸರಿದಿದ್ದೆ. ಬಾಗಿಲಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. ಅಂದು ಬೈಗುಳವಷ್ಟೇ ಬಿತ್ತು. ಎಲ್ಲೋ ಮೇಲೆ ಸುರಿದ ಮಳೆಗೆ ಹಳ್ಳ ಒಮ್ಮೆಲೇ ಬಂದು, ಮೂರು ದಿನಕ್ಕೆ ಅಪ್ಪ ಕೆಳಗಿನ ಜಾಲಿಕಂಟಿಯಲ್ಲಿ ಸಿಕ್ಕಮೇಲೆ ಅಜ್ಜಿ ಅವಳನ್ನು ಒಲೆಯ ಕಟ್ಟಿಗೆಯಿಂದ ಹೊಡೆದಳು. ಅಕ್ಕ "ನಾ ಅಲ್ಲ" ಎಂದು ಒಂದೆರಡು ಸಲ ಅಂದಳು. ಯಾರೆಂದು ಮಾತ್ರ ಹೇಳಲಿಲ್ಲ.

ಕೂಗಿದವನು ನಾನು. ಇದು ಅಕ್ಕನಿಗೂ ಗೊತ್ತು, ನನಗೂ ಗೊತ್ತು. ನಲವತ್ತಾರು ವರ್ಷ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಆಮೇಲೆ ಮನೆಯಿಂದ ಯಾರು ಹೊರಟರೂ, ಪರೀಕ್ಷೆಗಿರಲಿ ದವಾಖಾನೆಗಿರಲಿ, "ನೀಲಾ, ಒಳಗ ಹೋಗು" ಎಂಬ ಮಾತು ಮೊದಲು ಬರುತ್ತಿತ್ತು. ವರ್ಷ ಕಳೆದಂತೆ ಯಾರೂ ಹೇಳಬೇಕಾಗಲಿಲ್ಲ. ನಾನು ಬಿ.ಎಡ್. ಪರೀಕ್ಷೆಗೆ ಹೊರಟ ದಿನ ಅವಳೇ ತಾನಾಗಿ ದನದ ಮನೆಗೆ ಹೋಗಿ ಕೂತಳು. ನಾನು ಚೀಲ ಹೆಗಲಿಗೇರಿಸಿ ಸುಮ್ಮನೆ ಹೊರಟುಹೋದೆ. ಆ ಬೆಳಗ್ಗಿನ ನಾಚಿಕೆ ನನಗೆ ಇವತ್ತಿಗೂ ಇದೆ.

ಮೊದಲನೆಯ ಗುಡಿಸಲು

ವಿದ್ಯಾ ಅಲ್ಲಿಯ ಸಣ್ಣ ಊರೊಂದರಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿ ನರ್ಸು. ಅವ್ವ ಮತ್ತು ಮಾಮ ಒಮ್ಮೆ ಬರಲೇಬೇಕೆಂದು ಅವಳ ಹಟ. ಬಂದವರನ್ನು ಅಂಗಡಿ, ಸಮುದ್ರ ಅಂತ ತಿರುಗಿಸುವ ಬದಲು ತರರುವಾ ಎಂಬ ಗುಡ್ಡದ ಸಾಲಿನ ಮೇಲೆ ನಾಲ್ಕು ದಿನ ನಡೆಸುವುದೆಂದು ಮೊದಲೇ ಗೊತ್ತು ಮಾಡಿಟ್ಟಿದ್ದಳು. ಹಗಲು ನಡೆಯುವುದು, ಸಂಜೆ ದಾರಿಯ ಗುಡಿಸಲಿನಲ್ಲಿ ತಂಗುವುದು. ನಾನು ಇಪ್ಪತ್ತೆಂಟು ವರ್ಷ ಪರ್ವತಗಳ ಪಾಠ ಮಾಡಿದವನು; ಹತ್ತಿದ್ದು ಮಾತ್ರ ನವಲಗುಂದದ ಗುಡ್ಡ ಒಂದೇ. ಅಕ್ಕ ತಿರ್ಲಾಪುರದ ಒಕ್ಕಲಗಿತ್ತಿ, ದಿನಾ ಹೊಲಕ್ಕೆ ನಡೆದ ಕಾಲು. ಮಗಳ ಪ್ಯಾಂಟು ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, "ಊರಾಗ ಯಾರಿಗೂ ಫೋಟೋ ಕಳಿಸಬ್ಯಾಡ" ಎಂದು ತಾಕೀತು ಮಾಡಿ, ನಮ್ಮಿಬ್ಬರಿಗಿಂತ ಮುಂದೆ ಹತ್ತಿದಳು.

ಗುಡಿಸಲು ಎಂದರೆ ಗುಡಿಸಲಲ್ಲ. ತಗಡಿನ ಛಾವಣಿ, ಹಲಗೆಯ ಗೋಡೆ, ನಡುವೆ ಕಬ್ಬಿಣದ ಒಲೆ, ಸುತ್ತ ಅಟ್ಟದಂಥ ಮಂಚಗಳು. ಕಾವಲುಗಾರನಿಲ್ಲ, ಕೀಲಿಯಿಲ್ಲ. ಬಂದವರು ಬೂಟು ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಅಕ್ಕನಿಗೆ ಇದು ಬಹಳ ಸೇರಿತು. ಹೋಗುವವರು ಒಲೆಯ ಪಕ್ಕ ಮುಂದೆ ಬರುವವರಿಗೆಂದು ಕಟ್ಟಿಗೆ ಒಡೆದು ಒಟ್ಟಿ ಹೋಗುತ್ತಾರೆ. "ಇದು ಚಲೋ ಪದ್ಧತಿ ನೋಡು," ಎಂದು ಅಕ್ಕ ತಾನೂ ನಾಲ್ಕು ಕಟ್ಟಿಗೆ ಒಡೆದಳು. ಕಡಕ್ ರೊಟ್ಟಿಯ ಗಂಟು ಬಿಚ್ಚಿದಳು. ಆ ರೊಟ್ಟಿ ಏನು ತಿಂಡಿ ಎಂದು ವಿಮಾನ ನಿಲ್ದಾಣದ ಅಧಿಕಾರಿ ಬಹಳ ಹೊತ್ತು ಮುರಿದು ಮುರಿದು ನೋಡಿ ಬಿಟ್ಟುಕೊಟ್ಟಿದ್ದರಿಂದ ಅರ್ಧ ಚೂರಾಗಿತ್ತು. ರೊಟ್ಟಿಯ ಗಂಟಿನ ಕೆಳಗಿನಿಂದ ಒಂದು ಸಣ್ಣ ನವಲಗುಂದದ ಜಮಖಾನ ಹೊರಬಂದದ್ದನ್ನು ಕಂಡು ವಿದ್ಯಾ ಹಣೆ ಬಡಿದುಕೊಂಡಳು.

"ಅವ್ವಾ, ಒಂದ್ ಜೋಡಿ ಕಾಲುಚೀಲ ಜಾಸ್ತಿ ಹೊರಬ್ಯಾಡ ಅಂದಿದ್ದೆ ನಾ. ನೀ ಜಮಖಾನ ಹೊತ್ಕೊಂಡ್ ಬಂದೀಯಲ್ಲ!"

"ಪರರ ಮನ್ಯಾಗ ಬರೇ ಹಲಗೀ ಮ್ಯಾಲ ಮಲಗೂದೇನು?"

ಅಂದು ಗುಡಿಸಲಿನಲ್ಲಿ ಇನ್ನೊಬ್ಬರಿದ್ದರು. ಹೆಲೆನ್ ಎಂದು ಹೆಸರು, ಅರವತ್ತು ದಾಟಿದ ಗಟ್ಟಿ ಹೆಂಗಸು, ಕುರಿ ಸಾಕುವ ಮನೆಯವರು. ನಾಳೆ ಬೆಳಗ್ಗೆ ಮೇಲೆ ಗಾಳಿ ಜೋರಿದೆಯೆಂದೂ ಮಧ್ಯಾಹ್ನ ಅದು ತಗ್ಗಬಹುದೆಂದೂ ಅವರು ಹೇಳಿದರು. ವಿದ್ಯಾ "ಬೆಳಗ್ಗೆ ನೋಡುತ್ತೇವೆ, ಆಗದಿದ್ದರೆ ತಿರುಗಿ ಇಳಿಯುತ್ತೇವೆ" ಎಂದಳು. ಬೆಳಗ್ಗೆ ಏಳುವಾಗ ಆಕಾಶ ತಿಳಿಯಾಗಿತ್ತು. ಹೆಲೆನ್ ಇನ್ನೂ ಮಲಗಿದ್ದರು. ನಾವು ಹೊರಟೆವು.

ಬಾಗಿಲ ಬಳಿ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ಸಿಲ್ಲು. ಹೆಸರು, ಎಷ್ಟು ಮಂದಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ. ಹೊರಡುವವರೆಲ್ಲ ಬರೆದು ಹೋಗಬೇಕು. "ಮಾಮಾ, ನಮ್ಮದು ಬರದು ಬಿಡು," ಎಂದು ಹೇಳಿ ವಿದ್ಯಾ ಬೂಟು ಹಾಕಿಕೊಳ್ಳಲು ಹೊರಗೆ ಹೋದಳು. ನಾನು ಪೆನ್ಸಿಲ್ಲು ಹಿಡಿದೆ. ಅಕ್ಕ ಹಾಳೆಯ ಮೇಲೆ ಅಂಗೈ ಇಟ್ಟಳು.

"ಏನ್ ಕೇಳ್ಯಾರ ಇದರಾಗ?"

ಹೇಳಿದೆ.

"ಹೊಂಟ ಹೊತ್ತಿನ್ಯಾಗ? ಬ್ಯಾಡೋ ತಮ್ಮಾ. ಮಗಳು ನಮ್ಮ ಕೂಡ ಅದಾಳ. ನನ್ನ ಸಲುವಾಗಿ ಬ್ಯಾಡ."

ಬೇರೆ ಯಾವ ವಿಷಯಕ್ಕಾದರೂ ನಾನು ಅವಳೊಡನೆ ವಾದಕ್ಕೆ ನಿಲ್ಲುತ್ತಿದ್ದೆ. ಈ ಒಂದು ವಿಷಯದಲ್ಲಿ ಅವಳೆದುರು ಬಾಯಿ ತೆರೆಯುವ ಅಧಿಕಾರ ನನಗಿರಲಿಲ್ಲ. ಪುಸ್ತಕ ಮುಚ್ಚಿದೆ. ಹೊರಗೆ ವಿದ್ಯಾ "ಬರದಿಯೇನು?" ಎಂದು ಕೇಳಿದಾಗ "ಹ್ಞೂಂ" ಎಂದೆ.

ಬಂಡೆಯ ಮರೆ

ಪಾಚಿ ಹಿಡಿದ ಮರಗಳು ಮುಗಿದು ಗುಡ್ಡದ ಬೋಳು ನೆತ್ತಿಗೆ ಬಂದೊಡನೆ ಗಾಳಿ ಹಿಡಿಯಿತು. ಅಲ್ಲಿಯ ಗಾಳಿಯ ಬಗ್ಗೆ ಹೇಗೆ ಹೇಳಲಿ? ನಮ್ಮಲ್ಲಿ ಗಾಳಿಯನ್ನು ಕಾಯುತ್ತೇವೆ. ಕಣದಲ್ಲಿ ಜೋಳ ತುಂಬಿದ ಬುಟ್ಟಿ ಎತ್ತಿ ಹಿಡಿದು, ಬೀಸಿದರೆ ಪುಣ್ಯ ಎಂದು ನಿಲ್ಲುತ್ತೇವೆ. ಅಲ್ಲಿ ಅದನ್ನು ಯಾರೂ ಕರೆದಿರಲಿಲ್ಲ. ಮೈಗೆ ಮೈ ಒತ್ತಿ ತಳ್ಳುತ್ತಿತ್ತು, ತಟ್ಟನೆ ಬಿಟ್ಟುಬಿಡುತ್ತಿತ್ತು, ಬಿಟ್ಟಾಗ ನಾವೇ ಅದರ ಮೇಲೆ ಬೀಳುವಂತಾಗುತ್ತಿತ್ತು. ಎರಡೂ ಬದಿ ಹುಲ್ಲಿನ ಇಳಿಜಾರು ಮೋಡದೊಳಗೆ ಹೋಗಿತ್ತು.

"ಇಂಥಾ ಗಾಳ್ಯಾಗ ತೂರಿದ್ರ," ಅಕ್ಕ ನನ್ನ ಕಿವಿಯಲ್ಲಿ ಕೂಗಿದಳು, "ಕಾಳೂ ಹೊಟ್ಟಿನ ಕೂಡ ಗದಗಕ್ಕ ಹೋಗ್ತಾವ!"

ಅದು ಅವಳ ಅಂದಿನ ಕೊನೆಯ ನಗೆಮಾತು. ಸ್ವಲ್ಪ ಹೊತ್ತಿಗೆ ಗಾಳಿಯ ಒಂದು ಹೊಡೆತಕ್ಕೆ ಅವಳು ಪಕ್ಕಕ್ಕೆ ಬಿದ್ದಳು. ಬಲಗಾಲಿನ ಹರಡು, ಪಾದದ ಕೀಲು, ಹೊರಳಿತು. ಎಬ್ಬಿಸಿ ನಿಲ್ಲಿಸಿದರೆ ನಿಲ್ಲಲಾಗಲಿಲ್ಲ. ನಾನೂ ವಿದ್ಯಾಳೂ ಅವಳನ್ನು ಒಂದು ಬಂಡೆಯ ಮರೆಗೆ ಎಳೆದುಕೊಂಡು ಹೋಗಿ ಕೂರಿಸಿದೆವು. ಮೂವರೂ ಒಬ್ಬರಿಗೊಬ್ಬರು ಅಂಟಿ ಕೂತು ಜಮಖಾನವನ್ನು ತಲೆಯ ಮೇಲಿನಿಂದ ಹೊದ್ದು ಅಂಚುಗಳನ್ನು ಕಾಲ ಕೆಳಗೆ ಒತ್ತಿಕೊಂಡೆವು. ಅದರ ಭಾರದ ಬಗ್ಗೆ ವಿದ್ಯಾ ಆಮೇಲೆ ಮಾತಾಡಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ಅಪಾಯದಲ್ಲಿ ಒತ್ತುವ ಒಂದು ಯಂತ್ರ ವಿದ್ಯಾಳ ಹತ್ತಿರ ಇತ್ತು. ಆದರೆ ಈ ಗಾಳಿಯಲ್ಲಿ ಹೆಲಿಕಾಪ್ಟರ್ ಬರಲಾರದೆಂದು ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. "ಚಿಂತಿಲ್ಲ ಮಾಮಾ," ಎಂದಳು. "ಹೆಲೆನ್ ಪುಸ್ತಕ ನೋಡಿರ್ತಾರ. ನಾವು ಹಿಂಗ ಬಂದೇವಿ ಅಂತ ತಿಳೀತಂದ್ರ ಜಲ್ದಿ ಹಿಂದ ಬರ್ತಾರ."

ನಾನು ಅಕ್ಕನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿದ್ದಳು. ತುಟಿ ಕಪ್ಪಾಗಿ ನಡುಗುತ್ತಿದ್ದವು. ಒಂದು ತಾಸು ಹೋಯಿತು, ಎರಡಾಯಿತು. ಅಕ್ಕನ ನಡುಕ ನಿಂತು ಮೈ ಸಡಿಲವಾಗತೊಡಗಿದಾಗ ವಿದ್ಯಾ ಅವಳ ಕೆನ್ನೆ ತಟ್ಟಿ ತಟ್ಟಿ ಮಾತಾಡಿಸಿದಳು. ಇವಳು ಇಲ್ಲಿಯೇ ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು. ಹೋದರೆ ನಾನು ಆ ಮಾತು ಇನ್ನು ಯಾರಿಗೆ ಹೇಳಲಿ ಎಂಬುದೂ ಅದೇ ಕ್ಷಣಕ್ಕೆ ಮನಸ್ಸಿಗೆ ಬಂತು. ಅಂಥ ಹೊತ್ತಿನಲ್ಲೂ ನನ್ನದೇ ಚಿಂತೆ ನನಗೆ.

ಹೆಲೆನ್ ಬಂದಾಗ ಮಧ್ಯಾಹ್ನ ದಾಟಿತ್ತು. ಅವರು ನಮ್ಮನ್ನು ಹುಡುಕಿ ಬಂದಿರಲಿಲ್ಲ, ತಮ್ಮ ದಾರಿಗೆ ಹೊರಟಿದ್ದರು. ಮೋಡದಲ್ಲಿ ಜಮಖಾನದ ಕೆಂಪು ಕಂಡು ನಿಂತಿದ್ದರು. ಫ್ಲಾಸ್ಕಿನಿಂದ ಬಿಸಿ ಚಹಾ ಕುಡಿಸಿ, ತಮ್ಮ ಕೋಟು ಬಿಚ್ಚಿ ಅಕ್ಕನಿಗೆ ಹಾಕಿ, ಹರಡಿಗೆ ಪಟ್ಟಿ ಬಿಗಿದ ಮೇಲೆಯೇ ಅವರು ಸಿಟ್ಟಾದದ್ದು. ಪುಸ್ತಕದಲ್ಲಿ ನಿಮ್ಮ ಹೆಸರೇ ಇರಲಿಲ್ಲ, ತಿರುಗಿ ಇಳಿದಿರೆಂದು ತಿಳಿದೆ ಎಂದರು. ಗುಡ್ಡಕ್ಕೆ ಹೊಸಬರು, ಹೋಗಿದ್ದಾರೆಂದು ಗೊತ್ತಿದ್ದರೆ ಕೂಡಲೇ ಬೆನ್ನಿಗೆ ಬರುತ್ತಿದ್ದೆ, ನಾನು ನಿರಾಳವಾಗಿ ಕಟ್ಟಿಗೆ ಒಡೆಯುತ್ತ ಕೂತಿದ್ದೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಗಾಳಿಗೋ ಸಿಟ್ಟಿಗೋ ತಿಳಿಯಲಿಲ್ಲ.

ಎರಡನೆಯ ಗುಡಿಸಲು

ಗಾಳಿ ಇಳಿದ ಮೇಲೆ ಅಕ್ಕನಿಗೆ ಹೆಗಲು ಕೊಟ್ಟು ಎರಡನೆಯ ಗುಡಿಸಲು ಮುಟ್ಟಿದೆವು. ಇನ್ನೂ ಬೆಳಕಿತ್ತು. ಹೆಲೆನ್ ಒಲೆ ಹೊತ್ತಿಸಿದರು. ಬಾಗಿಲ ಬಳಿ ಅಲ್ಲಿಯೂ ಒಂದು ಪುಸ್ತಕ. ಅದನ್ನು ನೋಡಿದ್ದೇ ವಿದ್ಯಾ ನನ್ನ ಕಡೆ ತಿರುಗಿದಳು.

"ಬರದೇನಿ ಅಂದಿಯಲ್ಲ ಮಾಮಾ? ಸುಳ್ಳ ಹೇಳಿದಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಂಚದ ಮೇಲಿನಿಂದ ಅಂದಳು, "ಅಂವಂದೇನ್ ತಪ್ಪಿಲ್ಲ. ನಾನ ಬ್ಯಾಡ ಅಂದೆ."

"ನೀ ಯಾವಾಗಲೂ ಹಿಂಗ ನೋಡವ್ವಾ!" ವಿದ್ಯಾಳಿಗೆ ಅಳು ಬಂತು. "ಎಲ್ಲಿಗಿ ಅನ್ನೂ ಮಾತಂದ್ರ ನಿನಗ ಆಗಂಗಿಲ್ಲ. ನಾ ದೇಶ ಬಿಟ್ಟು ಬರೂ ದಿನಾ ಮನೀ ಮಂದೆಲ್ಲಾ ಅಂಗಳದಾಗ ಇದ್ರು. ನೀ ದನದ ಮನ್ಯಾಗ ಕುಂತಿದ್ದಿ. ಮಗಳು ಎಲ್ಲಿಗಿ ಹೊಂಟಾಳ, ಎಷ್ಟ ದೂರ ಹೊಂಟಾಳ, ಒಂದ್ ಮಾತ ಕೇಳ್ಲಿಲ್ಲ. ವಿಮಾನದಾಗ ದಾರೀ ತುಂಬ ಅದನ್ನ ನೆನಸ್ಕೊಂಡು ಅತ್ತೇನಿ ನಾ."

ಅಕ್ಕ ತಲೆ ಬಗ್ಗಿಸಿ ಹರಡಿನ ಪಟ್ಟಿ ಸರಿಪಡಿಸಿಕೊಳ್ಳತೊಡಗಿದಳು. ಅಜ್ಜಿ ಕಟ್ಟಿಗೆ ಎತ್ತಿದಾಗಲೂ ಅವಳು ಹೀಗೆಯೇ ತಲೆ ಬಗ್ಗಿಸಿದ್ದಳು. ನಾನು ಕಂಬದ ಹಿಂದಿನಿಂದ ನೋಡಿದ್ದೆ. ಈ ಗುಡಿಸಲಿನಲ್ಲಿ ಕಂಬ ಇರಲಿಲ್ಲ.

"ವಿದ್ಯಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಿಮ್ಮ ಅಜ್ಜ ಹಳ್ಳಕ್ಕ ಹೋದ ದಿನಾ ಹಿಂದಿಂದ ಎಲ್ಲಿಗಿ ಅಂತ ಕೇಳಿದಾಂವ ನಾನು. ನಿಮ್ಮವ್ವ ಅಲ್ಲ. ಬಡಿಸ್ಕೊಂಡಾಕಿ ಆಕಿ. ದನದ ಮನ್ಯಾಗ ಕುಂತಾಕಿ ಆಕಿ. ನಾ ಒಂದ್ ದಿನಾನೂ ಬಾಯಿ ಬಿಡಲಿಲ್ಲ."

ವಿದ್ಯಾ ಅವ್ವನ ಮುಖ ನೋಡಿದಳು. ಅಕ್ಕನ ಕೈ ಪಟ್ಟಿಯ ಮೇಲೆ ನಿಂತುಹೋಗಿತ್ತು. ಭಾಷೆ ತಿಳಿಯದ ಹೆಲೆನ್ ಏನನ್ನೋ ಅರಿತವರಂತೆ ಬಕೆಟ್ಟು ತೆಗೆದುಕೊಂಡು ಹೊರಗೆ ನಡೆದರು.

ಅಕ್ಕ ಅಳುತ್ತಾಳೆ, ಇಲ್ಲವೇ "ಹೋಗ್ಲಿ ಬಿಡೋ" ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಎಣಿಸಿದ್ದೆ. ಎರಡೂ ಆಗಲಿಲ್ಲ. ಅವಳು ಕುಂಟುತ್ತ ಎದ್ದು ರೊಟ್ಟಿಯ ಗಂಟು ಬಿಚ್ಚಿದಳು. ವಿದ್ಯಾಳ ತಾಟಿಗೆ ಹಾಕಿದಳು, ಹೆಲೆನ್ ಬಂದ ಮೇಲೆ ಅವರ ತಾಟಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಸಮೇತ ಹಾಕಿದಳು, ತನಗೊಂದಿಷ್ಟು ಇಟ್ಟುಕೊಂಡಳು. ಗಂಟು ಕಟ್ಟಿದಳು. ನನ್ನ ತಾಟು ಖಾಲಿಯೇ ಇತ್ತು. ಐವತ್ತಮೂರು ವರ್ಷದಲ್ಲಿ ಅಕ್ಕ ನನಗೆ ಬಡಿಸದೆ ತಾನು ಉಂಡದ್ದು ಅದೇ ಮೊದಲು. ನಾನೂ ಕೇಳಲಿಲ್ಲ.

ಇಳಿಯುವ ದಾರಿ

ಮರುದಿನ ಗಾಳಿ ಹದಕ್ಕೆ ಬಂದಿತ್ತು. ಹೆಲೆನ್ ಬೇರೆ ದಾರಿಗೆ ತಿರುಗುವ ಮುನ್ನ ಅಕ್ಕನಿಗೆ ತಮ್ಮ ಊರುಗೋಲು ಕೊಟ್ಟರು. ಅಕ್ಕ ಅವರ ಎರಡೂ ಅಂಗೈ ಹಿಡಿದು ಸವರಿ, "ಇವು ದುಡದ ಕೈ" ಎಂದಳು. ವಿದ್ಯಾ ಅದನ್ನು ಇಂಗ್ಲಿಷಿಗೆ ಹಾಕಿದಳು. ಆ ಮಾತು ಬಿಟ್ಟರೆ ಅಕ್ಕ ಬೆಳಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ವಿದ್ಯಾ ಅವಳ ರಟ್ಟೆ ಹಿಡಿದು ಮುಂದೆ ನಡೆದಳು. ನಾನು ಮೂರು ಚೀಲದ ಭಾರ ಹೊತ್ತು ಹಿಂದೆ. ಪುಸ್ತಕದಲ್ಲಿ ಮಾತ್ರ ಹೊರಡುವಾಗ ನಾನೇ ಬರೆದೆ. ಅಕ್ಕ ನೋಡಿದಳು, ತಡೆಯಲಿಲ್ಲ.

ಗುಡ್ಡದ ನೆತ್ತಿಯ ಕೊನೆಗೆ ಬಂದಾಗ ಮೋಡ ಸರಿದು ಕೆಳಗಿನ ಸೀಮೆ ಕಾಣಿಸಿತು. ಉದ್ದಕ್ಕೂ ಸಪಾಟು ನೆಲ, ಹೊಲಗಳ ಪಟ್ಟಿ, ನಡುವೆ ಹೊಳೆಯುವ ಹಳ್ಳ. ಬಣ್ಣ ಹಸಿರು, ನಮ್ಮದು ಎರೆಮಣ್ಣಿನ ಕಪ್ಪು. ಅಷ್ಟು ಬಿಟ್ಟರೆ ನವಲಗುಂದದ ಗುಡ್ಡದ ಮೇಲಿನಿಂದ ನೋಡಿದ ಹಾಗೆಯೇ ಇತ್ತು. ಅಕ್ಕ ಹುಲ್ಲಿನ ಮೇಲೆ ಕೂತಳು. ವಿದ್ಯಾ ಫೋಟೋ ತೆಗೆಯುತ್ತ ದೂರ ಹೋದಳು.

"ಅಪ್ಪ ಹೊಳ್ಳಿ ನೋಡಿದ್ದ ನೆನಪೈತೇನೋ?" ಎಂದಳು, ಹಳ್ಳವನ್ನೇ ನೋಡುತ್ತ.

"ಐತಿ."

"ಏನಂದ?"

"ಅಣ್ಣಿಗೇರಿಗಿ ಹೊಂಟೇನಿ, ಏನ್ ತರ್ಲಿ ಅಂದ. ನಾ ಬಳಪ ಅಂದೆ."

"ನನಗೂ ಕೇಳಿದ. ನಾ ಏನೂ ಬ್ಯಾಡ, ನೀ ಜಲ್ದಿ ಬಾ ಅಂದೆ. ನಕ್ಕ." ಅಕ್ಕ ಊರುಗೋಲನ್ನು ಮಡಿಲಿಗೆ ಎಳೆದುಕೊಂಡು ಅಂದಳು, "ನೀ ಕೇಳದ ಇದ್ರ ಅಂವ ಹೊಳ್ಳಿ ನೋಡ್ತಿದ್ದಿಲ್ಲೋ ತಮ್ಮಾ. ಹಂಗ ಹೋಗಿಬಿಡ್ತಿದ್ದ. ನನಗ ಅಪ್ಪನ ಬರೇ ಬೆನ್ನ ನೆನಪ ಉಳೀತಿತ್ತು. ದನದ ಮನ್ಯಾಗ ಕುಂತಾಗೆಲ್ಲಾ ಆ ನಗೂ ಮಾರಿ ನೆನಸ್ತಿದ್ದೆ ನಾ."

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಊರುಗೋಲಿನಿಂದ ನನ್ನ ಕೈ ಸರಿಸಿದಳು.

"ಅಷ್ಟಕ್ಕ ಎಲ್ಲಾ ಮುಗೀತು ಅಂತ ತಿಳೀಬ್ಯಾಡ. ಸಿಟ್ಟ ಐತಿ. ಊರಿಗಿ ಹೋದ ಮ್ಯಾಲೂ ಇರ್ತೈತಿ. ನೀ ಮಾಸ್ತರಾಗಿ ಊರ ಮಂದಿಗೆಲ್ಲಾ ಬುದ್ಧಿ ಹೇಳ್ತಿದ್ದಿ, ಲೇ."

"ಇರ್ಲಿ ಅಕ್ಕಾ. ಇರಬೇಕು," ಎಂದೆ.

ಮೂರನೆಯ ಗುಡಿಸಲು

ಕೊನೆಯ ಗುಡಿಸಲು ಕಾಡಿನೊಳಗಿತ್ತು. ಅಲ್ಲಿ ಗಾಳಿ ಮರಗಳ ತುದಿಯಲ್ಲಷ್ಟೇ ಸದ್ದು ಮಾಡುತ್ತಿತ್ತು. ಸಂಜೆ ಅಕ್ಕ ನನ್ನ ತಾಟಿಗೂ ರೊಟ್ಟಿ ಹಾಕಿದಳು, ಆದರೆ ಹಿಂಡಿ ಹಾಕಲಿಲ್ಲ. ನಾನೇ ಬಗ್ಗಿ ತೆಗೆದುಕೊಂಡೆ.

ಬೆಳಗ್ಗೆ ಅವಳೇ ಪುಸ್ತಕ ತೆರೆದು ಪೆನ್ಸಿಲ್ಲು ಹಿಡಿದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ದುಂಡನೆಯ ಕನ್ನಡ ಅಕ್ಷರದಲ್ಲಿ ಮೂವರ ಹೆಸರು ಬರೆದಳು. ಎಲ್ಲಿಂದ ಎಂಬಲ್ಲಿ ತಿರ್ಲಾಪುರ. ಎಲ್ಲಿಗೆ ಎಂಬಲ್ಲಿ ಸ್ವಲ್ಪ ಹೊತ್ತು ತಡೆದು, ಅಲ್ಲಿಯೂ ತಿರ್ಲಾಪುರ ಎಂದೇ ಬರೆದಳು. ನಾವು ಕಳೆದುಹೋದರೆ ಹುಡುಕುವವರು ಇದನ್ನು ಓದುವುದು ಹೇಗೆ ಎಂದು ನಾನು ಕೇಳಲಿಲ್ಲ. ಅದರ ಕೆಳಗೆ ಕಾಡಂಚಿನ ರಸ್ತೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿಟ್ಟೆ.

ಚೀಲ ಕಟ್ಟುತ್ತಿದ್ದೆವು. ವಿದ್ಯಾ ಖಾಲಿ ಬಾಟಲಿಗಳನ್ನು ಅವುಚಿಕೊಂಡು ಬಾಗಿಲು ತಳ್ಳಿ ಹೊರಟಳು. ಮೆಟ್ಟಿಲು ಇಳಿದಳು. ಅಕ್ಕ ಊರುಗೋಲು ಊರಿ ಎದ್ದು ಬಾಗಿಲಿಗೆ ಬಂದದ್ದನ್ನು ನಾನು ನೋಡಿದೆ. ಚೌಕಟ್ಟು ಹಿಡಿದುಕೊಂಡಳು.

"ವಿದ್ಯಾ," ಎಂದು ಹಿಂದಿನಿಂದ ಕೂಗಿದಳು. "ಎಲ್ಲಿಗಿ ಹೊಂಟಿಯವ್ವಾ?"

ವಿದ್ಯಾ ನಿಂತಳು. ಹೊಳ್ಳಿ ನೋಡಿದಳು.

"ನೀರು ತರ್ಲಿಕ್ಕವ್ವಾ," ಎಂದಳು. "ಈಗ ಬರ್ತೇನಿ."